ಅನುಷಾಳ ಹುಳು ಮನೆ

ಹೋದ ತಿಂಗಳು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ನನ್ನ ಪ್ರದರ್ಶನವಿತ್ತು. ಒಬ್ಬಳೇ ನಿಂತು ಮಾಡುವ ನಲವತ್ತು ನಿಮಿಷದ ನಾಟಕ. ಹೆಸರು ‘ಹುಳು ಮನೆ’. ರೇಷ್ಮೆ ಹುಳು ಸಾಕುವ ಒಬ್ಬ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಏನೇನು ಮಾಡುತ್ತಾಳೋ ಅಷ್ಟೇ ಕತೆ. ರಂಗದ ಮೇಲೆ ತಟ್ಟೆ ಇಲ್ಲ, ಸೊಪ್ಪಿಲ್ಲ, ಹುಳುವೂ ಇಲ್ಲ. ಎಲ್ಲವನ್ನೂ ಬರಿಗೈಯಲ್ಲಿ ಕಾಣಿಸಬೇಕು, ಅದೇ ಇದರ ಹೆಚ್ಚುಗಾರಿಕೆ ಅಂತ ನಾನೇ ಊರೂರು ಹೇಳಿಕೊಂಡು ತಿರುಗಿದವಳು. ಆ ಕಾಲೇಜಿನ ಹುಡುಗಿಯರಿಗೆ ಪಾಪ ಇದು ಗೊತ್ತಿರಲಿಲ್ಲ. ಮೇಡಂಗೆ ಬೇಕಾಗುತ್ತೆ ಅಂತ ಬೆಳಿಗ್ಗೆಯೇ ಕೆಂಚಾರ್ಲಹಳ್ಳಿ ಕಡೆಯ ತೋಟದಿಂದ ಎರಡು ಹೊರೆ ಹಿಪ್ಪುನೇರಳೆ ಸೊಪ್ಪು ಕೊಯ್ಸಿ ತಂದು, ಮೇಲೆ ಒದ್ದೆ ಗೋಣಿತಾಟು ಮುಚ್ಚಿ, ನಾನು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಇಟ್ಟಿದ್ದರು.

ಬಾಗಿಲು ತೆಗೆದದ್ದೇ ತಡ, ಹಸಿ ಸೊಪ್ಪು ಮತ್ತು ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಕುರ್ಚಿ ಹಿಡಿದು ಕೂತುಬಿಟ್ಟೆ.

“ಮ್ಯಾಮ್, ಸೊಪ್ಪು ಸರಿ ಇಲ್ವಾ? ಬಲಿತಿದ್ಯಾ?” ಅಂದಳು ಒಬ್ಬಳು, ಮುಖ ಸಣ್ಣ ಮಾಡಿಕೊಂಡು.

“ಚೆನ್ನಾಗಿದೆ ಕಣಮ್ಮ,” ಅಂದೆ.

ಅವತ್ತು ಪ್ರದರ್ಶನ ಮಾಡಿದೆ. ಎಂದಿನಂತೆ ಚಪ್ಪಾಳೆ ಬಿತ್ತು. ಆಮೇಲೆ ಅದೇ ಹುಡುಗಿ ಎದ್ದು ನಿಂತು, “ಇದನ್ನ ಎಲ್ಲಿ ಕಲಿತ್ರಿ ಮ್ಯಾಮ್?” ಅಂತ ಕೇಳಿದಳು. ಐದು ವರ್ಷದಿಂದ ಈ ಪ್ರಶ್ನೆಗೆ ನನ್ನದು ಒಂದೇ ಉತ್ತರ: “ಮೇಲೂರು ಕಡೆ ಒಂದು ಮನೇಲಿ ನೋಡಿದ್ದು.” ಅವತ್ತೂ ಅದನ್ನೇ ಹೇಳಿದೆ. ಆದರೆ ಅವತ್ತು ಆ ಸೊಪ್ಪಿನ ವಾಸನೆ ಇನ್ನೂ ಸೀರೆಗೆ ಅಂಟಿಕೊಂಡಿತ್ತು, ಹೇಳಿದ್ದೇ ಮೈಕು ವಾಪಸು ಕೊಟ್ಟುಬಿಟ್ಟೆ. ಯಾಕೆಂದರೆ ನಾನು ಯಾವ ಮನೆಯಲ್ಲೂ ಏನನ್ನೂ ನೋಡಿರಲಿಲ್ಲ. ನೋಡಿದ್ದವಳು ಒಬ್ಬ ಹುಡುಗಿ. ನಾನು ಆ ಹುಡುಗಿಯನ್ನು ನೋಡಿದ್ದೆ.

ಐದು ವರ್ಷದ ಹಿಂದಿನ ಮಾತು. ನನಗಾಗ ಮೂವತ್ತೆಂಟು. ಊರು ಗೌರಿಬಿದನೂರು. ಓದು ಮುಗಿಸಿ ಬೆಂಗಳೂರಿನ ಒಂದು ನಾಟಕ ತಂಡ ಸೇರಿ ಹದಿನಾಲ್ಕು ವರ್ಷ ಬಣ್ಣ ಹಚ್ಚಿದ್ದೆ. ಏನು ಪಾತ್ರ ಅಂತ ಕೇಳಬೇಡಿ. ರಾಣಿಯ ಹಿಂದೆ ಚಾಮರ ಹಿಡಿದು ನಿಲ್ಲುವ ಸಖಿ, ಜಗಳ ಬಿಡಿಸಲು ಬರುವ ನೆರೆಮನೆಯವಳು, ಒಮ್ಮೆ ಮರ. ಹೌದು, ಮರ. ನನಗಿಂತ ಚಿಕ್ಕವರೆಲ್ಲ ದೊಡ್ಡ ಪಾತ್ರ ಹಾಕುತ್ತಿದ್ದರು. ನಾನು ಅವರ ಸೆರಗು ಸರಿ ಮಾಡುತ್ತಿದ್ದೆ. ನನ್ನೊಳಗೆ ಒಬ್ಬಳು ದೊಡ್ಡ ಕಲಾವಿದೆ ಇದ್ದಾಳೆ, ಯಾರಿಗೂ ಕಾಣುತ್ತಿಲ್ಲ ಅಷ್ಟೇ ಅನ್ನುವ ಕಿಚ್ಚು ಮಾತ್ರ ಆರಿರಲಿಲ್ಲ.

ಆಗ ಒಂದು ಸಂಸ್ಥೆಯವರು ಸರ್ಕಾರಿ ಶಾಲೆಗಳಿಗೆ ಒಂದು ವರ್ಷದ ಮಟ್ಟಿಗೆ ರಂಗ ಶಿಕ್ಷಕರನ್ನು ಕಳಿಸುತ್ತಿದ್ದರು. ಶಿಡ್ಲಘಟ್ಟ ತಾಲೂಕಿನಲ್ಲಿ, ಮೇಲೂರಿನಿಂದ ಒಳಗೆ ಒಂದೆರಡು ಮೈಲಿ ದೂರದ ಹಳ್ಳಿ ನನ್ನ ಪಾಲಿಗೆ ಬಂತು. ಊರಿನ ಹೆಸರು ಬೇಡ, ಇದು ಆ ಊರಿನ ತಪ್ಪಲ್ಲ. ಜೂನ್ ತಿಂಗಳು ಶಾಲೆಗೆ ಹೋದೆ. ಮಳೆ ಬರುವಂತೆ ಮಾಡಿ ಬಾರದೆ ಮೋಡ ಮಾತ್ರ ಸುಮ್ಮನೆ ತೇಲಾಡುತ್ತಿದ್ದ ದಿನಗಳು. ಶಾಲೆಯ ಮೂರು ಕಡೆಗೂ ಹಿಪ್ಪುನೇರಳೆ ತೋಟ. ಕಿಟಕಿ ತೆಗೆದರೆ ಸೊಪ್ಪು ಕಡಿಯುವ ಸದ್ದು. ಮಕ್ಕಳು ನನ್ನನ್ನು ‘ನಾಟಕದ ಮಿಸ್’ ಅಂತ ಕರೆಯತೊಡಗಿದರು. ಹೆಡ್ ಮಾಸ್ಟರು ಮಾತ್ರ, “ಕುಣಿಸಿ ಮೇಡಂ, ಕುಣಿಸಿ, ಆದ್ರೆ ಗಣಿತದ ಪೀರಿಯಡ್ಡು ಮಾತ್ರ ಮುಟ್ಟಬೇಡಿ,” ಅಂದು ಕೈ ತೊಳೆದುಕೊಂಡರು.

ನಾನು ಮೊದಲು ಕಲಿಸಿದ್ದು ಕನ್ನಡಿ ಆಟ. ಇಬ್ಬರು ಎದುರುಬದುರು ನಿಲ್ಲಬೇಕು. ಒಬ್ಬರು ಮನುಷ್ಯ, ಇನ್ನೊಬ್ಬರು ಕನ್ನಡಿ. ಮನುಷ್ಯ ಕೈ ಎತ್ತಿದರೆ ಕನ್ನಡಿಯೂ ಎತ್ತಬೇಕು, ಮೂಗು ಕೆರೆದರೆ ಕನ್ನಡಿಯೂ ಕೆರೆಯಬೇಕು. ಗಮನ ಇಟ್ಟು ನೋಡುವುದು ಹೇಗೆ ಅಂತ ಮಕ್ಕಳಿಗೆ ಹಿಡಿಸಲು ಇದಕ್ಕಿಂತ ಒಳ್ಳೆ ಆಟ ಇಲ್ಲ. ವಾರಗಟ್ಟಲೆ ಅದೇ ಆಡಿದರು. ಆಮೇಲೆ ಒಂದು ಮನೆಗೆಲಸ ಕೊಟ್ಟೆ. “ಮನೇಲಿ ಒಬ್ಬರನ್ನ ಆರಿಸ್ಕೊಳ್ಳಿ. ಅವರು ಕೆಲಸ ಮಾಡೋದನ್ನ ಒಂದು ವಾರ ನೋಡಿ. ಬಂದು ನಮಗೆ ಮಾಡಿ ತೋರಿಸಿ. ಮಾತು ಬೇಡ.”

ಗಂಡುಹುಡುಗರು ಬೀಡಿ ಸೇದುವ ತಾತಂದಿರನ್ನು, ಬೈಕು ಒದೆಯುವ ಮಾವಂದಿರನ್ನು ತಂದರು. ಒಬ್ಬ ಹೆಡ್ ಮಾಸ್ಟರನ್ನೇ ತಂದ. ಚಾವಣಿಯೇ ಹಾರಿಹೋಗುವಷ್ಟು ನಗು. ಕೊನೆಗೆ ಏಳನೇ ಕ್ಲಾಸಿನ ಅನುಷಾ ಎದ್ದಳು. ಅಲ್ಲಿಯವರೆಗೆ ನಾನು ಅವಳ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ. ಮನೆಮಾತು ತೆಲುಗು. ಕನ್ನಡವನ್ನು ಪಾಠ ಒಪ್ಪಿಸುವ ಹಾಗೆ ಒಂದೊಂದೇ ಪದ ಇಟ್ಟು ಆಡುತ್ತಿದ್ದಳು. ತೆಳ್ಳಗಿನ ಹುಡುಗಿ, ಎರಡು ಜಡೆ, ಒಂದು ಸದಾ ಬಿಚ್ಚಿರುತ್ತಿತ್ತು.

ಬಂದು ನಿಂತಳು. ಇಲ್ಲದ ಕೊಡದಿಂದ ಇಲ್ಲದ ನೀರು ಸುರಿದು ಕಾಲು ತೊಳೆದಳು. ತಲೆ ತಗ್ಗಿಸಿ ಇಲ್ಲದ ಬಾಗಿಲು ದಾಟಿದಳು. ಒಂದು ಹೆಜ್ಜೆ ಒಳಗಿಟ್ಟದ್ದೇ ಅವಳ ಇಡೀ ಮೈ ಮೆತ್ತಗಾಯಿತು, ತೊಟ್ಟಿಲ ಹತ್ತಿರ ಹೋಗುವವರ ಹಾಗೆ. ತಟ್ಟೆಯ ಮುಂದೆ ಬಗ್ಗಿ ಸೊಪ್ಪು ಹರಡಿದಳು. ಒಂದು, ಎರಡು, ಮೂರು. ನಾಲ್ಕನೇ ತಟ್ಟೆಗೆ ಸೊಪ್ಪು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಕತ್ತು ವಾಲಿಸಿ, ಎಡಗಿವಿಯನ್ನು ತಟ್ಟೆಗೆ ಕೊಟ್ಟು ಆಲಿಸಿದಳು. ಎಷ್ಟೋ ಹೊತ್ತು. ನಲವತ್ತು ಮಕ್ಕಳಿದ್ದ ಆ ಕೋಣೆಯಲ್ಲಿ ಒಂದು ಕೆಮ್ಮೂ ಇಲ್ಲ. ಆಮೇಲೆ ಅವಳ ಮುಖದಲ್ಲಿ ಒಂದು ನಗು ಬಂತು ನೋಡಿ, ಹನ್ನೆರಡು ವರ್ಷದ ಹುಡುಗಿಯದಲ್ಲ ಅದು, ನಲವತ್ತರ ಹೆಂಗಸಿನದು. ತುಟಿ ಮಾತ್ರ ಆಡಿಸಿ ಹುಳುಗಳಿಗೆ ಏನೋ ಹೇಳಿ, ಕೈ ಇಳಿಸಿ ಸೊಪ್ಪು ಹಾಕಿದಳು.

“ಏನು ಹೇಳ್ದೆ ಅವಕ್ಕೆ?” ಅಂದೆ.

“ತಿನಂಡಮ್ಮಾ, ತಿನಂಡಿ,” ಅಂದಳು ನಾಚಿಕೊಂಡು. “ತಿನ್ನಿ ಅಂತ ಮಿಸ್. ನಮ್ಮಮ್ಮ ಹೇಳ್ತಾಳೆ.”

ನಾನು ಅವಳನ್ನು ತಬ್ಬಿಕೊಂಡೆ. ಆ ಸಂತೋಷ ನಿಜವಾದದ್ದು, ಅದನ್ನು ಯಾರೂ ಕಸಿಯಲಾರರು. ಆದರೆ ಅವಳನ್ನು ತಬ್ಬಿಕೊಂಡಿದ್ದಾಗಲೇ ಇನ್ನೊಂದು ಮಾತೂ ಹೊಳೆಯಿತು. ಹದಿನಾಲ್ಕು ವರ್ಷ ಬಣ್ಣ ಹಚ್ಚಿದ ನನ್ನ ಕೈ ಒಮ್ಮೆಯೂ ಗಾಳಿಯಲ್ಲಿ ಹಾಗೆ ನಿಂತಿರಲಿಲ್ಲ.

ಶ್ರಾವಣದಲ್ಲಿ ಅವಳ ಮನೆಗೆ ಹೋದೆ. ಆ ತಾಯಿಯನ್ನು ನೋಡಬೇಕಿತ್ತು. ಹೆಸರು ವೆಂಕಟಲಕ್ಷ್ಮಮ್ಮ. ಗಂಡ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ, ತೋಟ ಮತ್ತು ಹುಳು ಇವಳದ್ದೇ. ಮನೆಯ ಹಿಂದೆ ಶೀಟಿನ ಹುಳು ಮನೆ. ಹುಳುವಿಗೆ ರೋಗ ತಾಗದಿರಲಿ ಅಂತ ಹೊಸಿಲ ಮುಂದೆ ಸುಣ್ಣ ಚೆಲ್ಲಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೆಜ್ಜೆ ಇಡಲು ಹೋದೆ, ಆಕೆ ಅಡ್ಡ ಬಂದು ಕೈ ಚಾಚಿದಳು.

“ಅಯ್ಯೋ ಬೇಡ ಮೇಡಂ, ತಪ್ಪು ತಿಳ್ಕೋಬೇಡಿ. ಸೆಂಟು ಹಾಕಿದ್ದೀರ. ಹುಳ ಜ್ವರಕ್ಕೆ ಕೂತವೆ. ವಾಸನೆ ತಾಗಿದ್ರೆ ಒಂದೂ ಏಳಲ್ಲ.”

ಜ್ವರ ಅಂದರೆ ಕಾಯಿಲೆಯಲ್ಲ. ಹುಳುಗಳು ಪೊರೆ ಬಿಡುವ ಮೊದಲು ಮೇವು ಬಿಟ್ಟು ತಲೆಯೆತ್ತಿ ನಿದ್ದೆ ಹೋಗುತ್ತವೆ, ಅದಕ್ಕೆ ಆ ಕಡೆ ಹಾಗೆನ್ನುತ್ತಾರೆ. ನಾನು ಹೊರಗೇ ನಿಂತೆ. ಒಳಗೆ ಕತ್ತಲು, ಏನೂ ಕಾಣಲಿಲ್ಲ. ಆಕೆ ಕಾಫಿ ಕೊಟ್ಟಳು, ಸೀಬೆಹಣ್ಣು ಕೊಟ್ಟಳು, “ನಮ್ ಪಾಪ ಚೆನ್ನಾಗ್ ಮಾಡ್ತಾಳಾ ಮೇಡಂ?” ಅಂತ ಮೂರು ಸಲ ಕೇಳಿದಳು. ನಾನು ಉತ್ತರ ಕೊಡುವಾಗ ಮುಖವನ್ನೇ ಪೂರಾ ನನ್ನ ಕಡೆ ತಿರುಗಿಸಿ ತುಟಿಯನ್ನೇ ನೋಡುತ್ತಿದ್ದಳು. ಕನ್ನಡ ಪೂರ್ತಿ ಬರುವುದಿಲ್ಲವೇನೋ ಅಂದುಕೊಂಡೆ. ಹೀಗೆ, ಮೇಲೂರು ಕಡೆಯ ಮನೆಯಲ್ಲಿ ನಾನು ‘ನೋಡಿದ್ದು’ ಒಂದು ಹೊಸಿಲು ಮತ್ತು ಒಂದಿಷ್ಟು ಸುಣ್ಣ.

ದಸರಾ ರಜೆ ಮುಗಿದ ಮೇಲೆ ಒಂದು ಪತ್ರ ಬಂತು. ಚಿಕ್ಕಬಳ್ಳಾಪುರದಲ್ಲಿ ಶಿಕ್ಷಕರ ಸಮಾವೇಶ, ರಂಗ ಶಿಕ್ಷಕರು ತಲಾ ಹತ್ತು ನಿಮಿಷದ ಒಂದು ಅಭಿನಯ ಮಾಡಿ ತೋರಿಸಬೇಕು. ನನ್ನ ಹತ್ತಿರ ಏನಿತ್ತು? ಮರ. ನಾಲ್ಕು ದಿನ ಒದ್ದಾಡಿದೆ. ಐದನೇ ದಿನ ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಮೇಲೆ ಅನುಷಾಳನ್ನು ಕರೆದೆ.

“ಬಾಮ್ಮ, ಕನ್ನಡಿ ಆಟ ಆಡೋಣ. ನೀನು ಮನುಷ್ಯ, ನಾನು ಕನ್ನಡಿ. ಹುಳು ಮನೆ ಮಾಡು.”

ಅವಳ ಕಣ್ಣು ಅರಳಿದವು. ಮಿಸ್ಸೇ ಕನ್ನಡಿ ಆಗುವುದು ಅಂದರೆ ಅದೇನು ಸಾಮಾನ್ಯವೇ! ಒಂದು ವಾರ, ದಿನಾ ಊಟದ ಹೊತ್ತಿನಲ್ಲಿ, ಅವಳು ಎದುರಿಗೆ ನಿಂತು ಮಾಡುತ್ತ ಹೋದಳು, ನಾನು ಅವಳಂತೆಯೇ ಮಾಡುತ್ತ ಹೋದೆ. “ಹಂಗಲ್ಲ ಮಿಸ್, ಕೈ ಅಷ್ಟು ಬಿಗಿ ಬೇಡ, ಸೊಪ್ಪು ಮುದುರುತ್ತೆ,” ಅನ್ನುತ್ತಿದ್ದಳು. “ಇನ್ನೂ ಸ್ವಲ್ಪ ಕೇಳಿ ಮಿಸ್, ಬೇಗ ನಗಬೇಡಿ.” ಎಂಥ ಗುರು! ನನಗೆ ಯಾವ ನಿರ್ದೇಶಕರೂ ಅಷ್ಟು ಸಹನೆಯಿಂದ ಹೇಳಿಕೊಟ್ಟಿರಲಿಲ್ಲ. ಇದನ್ನು ನಾನೇ ಮಾಡುವವಳಿದ್ದೇನೆ ಅಂತ ಅವಳಿಗೆ ಹೇಳಲಿಲ್ಲ. ಹೇಳಿದರೆ ಅವಳು ಬೇಡ ಅನ್ನುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ಅದು ಅವಳದ್ದಾಗಿ ಉಳಿಯುತ್ತಿತ್ತಲ್ಲ.

ಸಮಾವೇಶದಲ್ಲಿ ನಾನು ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ, ಕತ್ತು ವಾಲಿಸಿ ಆಲಿಸಿದಾಗ ಇನ್ನೂರು ಮೇಷ್ಟ್ರುಗಳು ಉಸಿರು ಬಿಗಿಹಿಡಿದರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹದಿನಾಲ್ಕು ವರ್ಷ ಕಾದ ಚಪ್ಪಾಳೆ. ಯಾರೋ ಕೇಳಿದರು, ನಾನು ಹೇಳಿದೆ: “ಮೇಲೂರು ಕಡೆ ಒಂದು ಮನೇಲಿ ನೋಡಿದ್ದು.” ಅಷ್ಟು ಸಲೀಸಾಗಿ ಬಂತು ಸುಳ್ಳು. ಯಾರೋ ಮೊಬೈಲಿನಲ್ಲಿ ಹಿಡಿದು ಹಂಚಿದರು. ದೀಪಾವಳಿಯ ಹೊತ್ತಿಗೆ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಹೂವಿನವಳೂ ನನ್ನನ್ನು ಗುರುತು ಹಿಡಿದಳು.

ರಜೆ ಮುಗಿಸಿ ಶಾಲೆಗೆ ಹೋದ ಮೊದಲ ದಿನ ಅನುಷಾ ಗೇಟಿನಲ್ಲೇ ಕಾದಿದ್ದಳು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅಂತಾರಲ್ಲ, ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ.

“ಮಿಸ್! ನಮ್ಮಣ್ಣನ ಫೋನಲ್ಲಿ ನಿಮ್ ವಿಡಿಯೋ ನೋಡ್ದೆ. ನಮ್ಮಮ್ಮನ್ನ ಮಾಡಿದ್ರಲ್ಲ!”

ಅವಳ ಮುಖದಲ್ಲಿದ್ದದ್ದು ಬರೀ ಹೆಮ್ಮೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಚೆನ್ನಾಗಿತ್ತಾ?” ಅಂದೆ. ನಾಚಿಕೆಗೆಟ್ಟವಳು, ಹಾಗೆ ಕೇಳಿದೆ. “ಚೆನ್ನಾಗಿತ್ತು ಮಿಸ್,” ಅಂದು ಒಂದು ಕ್ಷಣ ತಡೆದು, “ಆದ್ರೆ...” ಅಂದಳು. ಅಷ್ಟರಲ್ಲಿ ಬೆಲ್ಲಾಯಿತು. ಆ ‘ಆದ್ರೆ’ ಏನು ಅಂತ ನಾನು ಆಮೇಲೂ ಕೇಳಲಿಲ್ಲ.

ಜನವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಮಕ್ಕಳ ಏಕಪಾತ್ರಾಭಿನಯ ಸ್ಪರ್ಧೆ. ಗೆದ್ದ ಒಂದು ಮಗುವಿಗೆ ಬೇಸಿಗೆಯಲ್ಲಿ ಒಂದು ತಿಂಗಳ ರಂಗ ಶಿಬಿರ, ಊಟ ವಸತಿ ಎಲ್ಲ ಅವರದ್ದೇ. ಅನುಷಾ ಹೋಗಲೇಬೇಕು ಅಂತ ಹಟ ಹಿಡಿದಳು. ಮಾತೇ ಆಡದ ಹುಡುಗಿ ಹೆಡ್ ಮಾಸ್ಟರ ಮುಂದೆ ನಿಂತು ಕೇಳಿದಳು. ವೆಂಕಟಲಕ್ಷ್ಮಮ್ಮನನ್ನು ಒಪ್ಪಿಸಲು ನಾನು ಹೋಗಬೇಕಾಗಲಿಲ್ಲ. ಹುಳು ಕೊನೆಯ ಹಂತಕ್ಕೆ ಬಂದು ಮನೆಯವರೆಲ್ಲ ಸೊಪ್ಪಿಗೆ ಓಡಾಡುತ್ತಿದ್ದ ದಿನವೇ ಸ್ಪರ್ಧೆ ಬಂತು. ಆದರೂ ಮಗಳನ್ನು ಬಸ್ಸಿಗೆ ಹತ್ತಿಸಲು ಬಂದಳು, ಡಬ್ಬಿ ತುಂಬ ಬೇಯಿಸಿದ ಅವರೆಕಾಯಿ ಕೊಟ್ಟಳು.

“ಗೆದ್ರೆ ಶಿಬಿರಕ್ಕೆ ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ ಮೇಡಂ. ಒಂದು ತಿಂಗ್ಳು ಒಬ್ಳೇ ಸೊಪ್ಪು ಹೊರ್ತೀನಿ ಬಿಡಿ,” ಅಂದಳು.

ಆ ಬಸ್ಸಿನಲ್ಲಿ, ಅವರೆಕಾಯಿ ಸುಲಿದು ತಿನ್ನುತ್ತ ಕೂತಾಗ ನಾನು ಬೇರೆ ಏನಾದರೂ ಮಾಡು ಅನ್ನಬಹುದಿತ್ತು. ಅಥವಾ ಸ್ಪರ್ಧೆಯವರ ಹತ್ತಿರ ಮೊದಲೇ ಹೋಗಿ, ಇದು ಈ ಮಗುವಿನದು, ನಾನು ಇವಳಿಂದ ಕಲಿತದ್ದು ಅನ್ನಬಹುದಿತ್ತು. ಎರಡೂ ಹೊಳೆದವು. ಯಾವುದನ್ನೂ ಮಾಡಲಿಲ್ಲ. ಏನೂ ಆಗಲಿಕ್ಕಿಲ್ಲ ಅಂದುಕೊಂಡೆ.

ನನ್ನನ್ನು ದೊಡ್ಡ ಕಲಾವಿದೆ ಅಂತ ತೀರ್ಪುಗಾರರ ಪಕ್ಕದಲ್ಲೇ ಕೂರಿಸಿದರು. ಅನುಷಾ ಬಂದಳು. ಕಾಲು ತೊಳೆದಳು, ಬಾಗಿಲು ದಾಟಿದಳು. ಶಾಲೆಯಲ್ಲಿ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡುತ್ತಿದ್ದಳು. ಕೈ ಗಾಳಿಯಲ್ಲಿ ನಿಂತಿತು. ಎಡಗಿವಿ ಕೊಟ್ಟು ಆಲಿಸಿದಳು. ಆಗ ನನ್ನ ಪಕ್ಕದ ತೀರ್ಪುಗಾರರು, ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯ, ನನ್ನ ಕಡೆ ಬಾಗಿ ನಕ್ಕರು.

“ನಿಮ್ದೇ ಅಲ್ವಾ ಮೇಡಂ ಇದು? ಶಿಷ್ಯೆ ಪೂರ್ತಿ ಕಾಪಿ ಹೊಡ್ದಿದ್ದಾಳೆ. ಅದರಲ್ಲೂ ಕಿವಿ ನೋಡಿ, ಉಲ್ಟಾ. ನೀವು ಬಲಗಿವಿ ಕೊಡ್ತೀರಿ, ಇವ್ಳು ಎಡಗಿವಿ.”

ಒಂದು ವಾರ ಅವಳ ಎದುರು ಕನ್ನಡಿಯಾಗಿ ನಿಂತು ಕಲಿತದ್ದು ನಾನು. ಅವಳು ಎಡಕ್ಕೆ ವಾಲಿದರೆ ಕನ್ನಡಿ ಬಲಕ್ಕೆ ವಾಲುತ್ತದೆ. ಆಮೇಲೆ ತಿರುಗಿಸಿಕೊಳ್ಳಬೇಕು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ, ನಾನು ಮರೆತಿದ್ದೆ. ಉಲ್ಟಾ ಆಗಿದ್ದದ್ದು ನನ್ನದು. ಕದ್ದ ಮಾಲಿನ ಮೇಲೆ ಯಜಮಾನಿಯ ಹೆಸರು ಕೊರೆದಿತ್ತು, ಓದಬಲ್ಲವಳು ಆ ಸಭೆಯಲ್ಲಿ ನಾನೊಬ್ಬಳೇ.

ನಾನು ಏನು ಹೇಳಿದೆ ಗೊತ್ತೇ? “ಮಕ್ಕಳು ಅಲ್ವಾ ಸಾರ್,” ಅಂದೆ. ಮೂರೇ ಪದ. ಜೊತೆಗೆ ಒಂದು ನಗು.

ಬಹುಮಾನ ಹೇಳುವ ಮೊದಲು ಆ ಮೇಷ್ಟ್ರು ಮೈಕು ಹಿಡಿದು ಮಕ್ಕಳಿಗೆ ನಾಲ್ಕು ಹಿತವಚನ ಹೇಳಿದರು. “ಗುರುಗಳ ಮೇಲೆ ಅಭಿಮಾನ ಇರಬೇಕು, ಆದರೆ ಅವರು ಮಾಡಿದ್ದನ್ನೇ ಮಾಡಬಾರದು. ಸ್ವಂತದ್ದು ತನ್ನಿ ಮಕ್ಕಳೇ. ಮಾಡಿದರೂ ಸರಿಯಾಗಿ ನೋಡಿ ಮಾಡಿ, ಎಡ ಬಲ ಉಲ್ಟಾ ಆಗಬಾರದು.” ಹೆಸರು ಹೇಳಲಿಲ್ಲ, ಅಗತ್ಯವೂ ಇರಲಿಲ್ಲ. ಅನುಷಾ ತಲೆಯೆತ್ತಿ ನನ್ನನ್ನು ನೋಡಿದಳು. ಮಿಸ್ ಈಗ ಎದ್ದು ಹೇಳುತ್ತಾರೆ ಅಂತ ನಂಬಿಕೊಂಡು ಕಾದ ನೋಟ ಅದು, ಸಿಟ್ಟಿನದಲ್ಲ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ. ಬಾಯಾರಿಕೆ ಇರಲಿಲ್ಲ.

ಬಹುಮಾನ ಬೇರೆ ಯಾವುದೋ ಮಗುವಿಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅನುಷಾ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು. ಶಿಡ್ಲಘಟ್ಟ ಹತ್ತಿರ ಬಂದ ಮೇಲೆ ಒಂದೇ ಒಂದು ಮಾತು ಕೇಳಿದಳು.

“ಮಿಸ್, ನಾನು ಉಲ್ಟಾ ಮಾಡಿದ್ನಾ?”

“ಇಲ್ಲ ಕಣಮ್ಮ. ಇರ್ಲಿ ಬಿಡು, ಮುಂದಿನ ವರ್ಷ ನೋಡೋಣ.”

“ನಮ್ಮಮ್ಮ ಹಂಗೇ ಮಾಡೋದು ಮಿಸ್.”

ಅಷ್ಟೇ. ಆಮೇಲೆ ಅವಳು ಶಾಲೆಗೆ ಬರುತ್ತಿದ್ದಳು, ನನ್ನ ಪೀರಿಯಡ್ಡಿಗೂ ಬರುತ್ತಿದ್ದಳು. ಆದರೆ ಕನ್ನಡಿ ಆಟ ಆಡಿಸಿದಾಗ ಪ್ರತಿ ಸಲವೂ, “ನಾನು ಕನ್ನಡಿ ಆಗ್ತೀನಿ,” ಅನ್ನುತ್ತಿದ್ದಳು. ಎದುರಿನವರು ಏನು ಮಾಡಿದರೆ ಅದನ್ನು ಅಚ್ಚುಕಟ್ಟಾಗಿ ಮಾಡಿ ಹೋಗಿ ಕೂರುತ್ತಿದ್ದಳು. ತಾನಾಗಿ ಒಂದು ಬೆರಳನ್ನೂ ಎತ್ತಲಿಲ್ಲ. ಏಪ್ರಿಲ್‌ನಲ್ಲಿ ನನ್ನ ವರ್ಷ ಮುಗಿಯಿತು. ಹಾರ ಹಾಕಿ ಕಳಿಸಿಕೊಟ್ಟರು. ಹತ್ತು ನಿಮಿಷದ್ದನ್ನು ನಲವತ್ತು ನಿಮಿಷಕ್ಕೆ ಬೆಳೆಸಿಕೊಂಡು ನಾನು ಊರೂರು ತಿರುಗಿದೆ. ಕಿವಿಯನ್ನು ಮಾತ್ರ ಬದಲಿಸಲಿಲ್ಲ. ಜನ ವಿಡಿಯೋದಲ್ಲಿ ನೋಡಿದ್ದಾರೆ, ಬದಲಿಸಿದರೆ ಯಾರಾದರೂ ಕೇಳಿಯಾರು ಅನ್ನುವ ಹೆದರಿಕೆ.

ಚಿಂತಾಮಣಿಯ ಪ್ರದರ್ಶನದ ಮರುದಿನ ಬೆಳಿಗ್ಗೆ ಎದ್ದು ಸೋಪು ಹಚ್ಚದೆ ಸ್ನಾನ ಮಾಡಿದೆ. ತಲೆಗೆ ಎಣ್ಣೆ ಇಲ್ಲ, ಮುಖಕ್ಕೆ ಪೌಡರಿಲ್ಲ. ಗೌರಿಬಿದನೂರಿಗೆ ಹೋಗಬೇಕಾದವಳು ಮಧ್ಯಾಹ್ನ ಶಿಡ್ಲಘಟ್ಟದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡೆ. ಕ್ಷಮೆ ಕೇಳುವುದಕ್ಕೂ ತಾಲೀಮು ಮಾಡುವ ಜಾತಿ ನಮ್ಮದು.

ಊರು ಮುಟ್ಟಿದಾಗ ಮೂರು ದಾಟಿತ್ತು. ವೆಂಕಟಲಕ್ಷ್ಮಮ್ಮ ಗುರುತು ಹಿಡಿದು, “ರಂಡಿ ಮೇಡಂ, ಬನ್ನಿ ಬನ್ನಿ,” ಅಂತ ತೆಲುಗಲ್ಲೂ ಕನ್ನಡದಲ್ಲೂ ಕರೆದಳು. ಕೂದಲು ಬೆಳ್ಳಗಾಗಿತ್ತು. “ಪಾಪ ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದ್ತವಳೆ. ಹುಳಕ್ಕೆ ಸೊಪ್ಪಿನ ಟೈಮು, ಒಳಗೇ ಬರ್ತೀರಾ? ಸೆಂಟು ಹಾಕಿಲ್ಲ ತಾನೇ?”

“ಇಲ್ಲ,” ಅಂದೆ. ಕಾಲು ತೊಳೆದು, ಸುಣ್ಣ ತುಳಿದು, ತಲೆ ಬಗ್ಗಿಸಿ, ಆ ಹೊಸಿಲನ್ನು ನಾನು ಮೊದಲ ಸಲ ದಾಟಿದ್ದು ಆಗಲೇ. ಒಳಗೆ ತಂಪು. ಸಾವಿರಗಟ್ಟಲೆ ಹುಳುಗಳು ಮೇಯುವ ಸದ್ದು, ಯಾರೋ ದೂರದಲ್ಲಿ ಅಕ್ಕಿ ಜರಡಿ ಹಿಡಿದ ಹಾಗೆ. ಆಕೆ ತಟ್ಟೆಗಳ ಮುಂದೆ ಸೊಪ್ಪು ಹರಡುತ್ತ ಹೋದಳು, ನಾನು ಬಲಗಡೆ ನಿಂತೆ. ಈಗ ಹೇಳದಿದ್ದರೆ ಮತ್ತೆ ಹೇಳಲಾರೆ ಅನ್ನಿಸಿತು. ಅಲ್ಲಿ ಜೋರಾಗಿ ಮಾತಾಡಬಾರದು ಅಂತ ಮೆಲುದನಿಯಲ್ಲಿ ಶುರುಮಾಡಿದೆ. ತಾಲೀಮು ಮಾಡಿದ ಮಾತೆಲ್ಲ ಸಾಲಾಗಿ ಬಂತು. ಕಲಾವಿದರ ಹಸಿವು ಎಂಥದು, ನಾನೆಷ್ಟು ನೊಂದಿದ್ದೇನೆ, ಅನುಷಾ ಎಂಥ ಪ್ರತಿಭೆ. ದನಿ ಎಲ್ಲಿ ನಡುಗಬೇಕೋ ಅಲ್ಲಿ ನಡುಗಿತು ಕೂಡ. ಆಕೆ ತಿರುಗಿಯೂ ನೋಡಲಿಲ್ಲ. ಸೊಪ್ಪು ಹರಡುತ್ತಲೇ ಇದ್ದಳು. ಸಿಟ್ಟು ಬಂದಿದೆ, ಬರಬೇಕಾದ್ದೇ ಅಂದುಕೊಂಡೆ.

ಐದನೆಯದೋ ಆರನೆಯದೋ ತಟ್ಟೆಯ ಹತ್ತಿರ ಆಕೆಯ ಕೈ ಗಾಳಿಯಲ್ಲಿ ನಿಂತಿತು. ಕತ್ತು ವಾಲಿಸಿ, ಎಡಗಿವಿಯನ್ನು ತಟ್ಟೆಗೆ ಕೊಟ್ಟು ಆಲಿಸಿದಳು. ಅನುಷಾ ಮಾಡುತ್ತಿದ್ದಂತೆಯೇ, ಕೂದಲೆಳೆಯೂ ವ್ಯತ್ಯಾಸವಿಲ್ಲ. ನಕ್ಕು, ತಲೆಯೆತ್ತಿದಾಗ ನನ್ನ ಒದ್ದೆ ಮುಖ ಕಂಡು ಗಾಬರಿಯಾದಳು.

“ಏನಾದ್ರೂ ಅಂದ್ರಾ ಮೇಡಂ? ಈ ಕಡೆ ಬಂದು ಹೇಳಿ. ಆ ಕಿವಿ ಕೇಳ್ಸಲ್ಲ ನಂಗೆ. ಚಿಕ್ಕೋಳಿದ್ದಾಗ ಸೋರಿ ಸೋರಿ ಹೋಯ್ತು.”

ಐದು ವರ್ಷ, ಎಷ್ಟೋ ಊರಿನ ಜನರ ಮುಂದೆ, ನಾನು ಆಲಿಸಿದ್ದು ಆ ಕಿವಿಯಿಂದ. ಅನುಷಾಳ ‘ಆದ್ರೆ’ ಏನಿತ್ತು ಅಂತ ಆಗ ಗೊತ್ತಾಯಿತು.

ತಟ್ಟೆಗಳ ಸಾಲು ಸುತ್ತಿ ಎಡಗಡೆಗೆ ಹೋದೆ. ಮತ್ತೆ ಮೊದಲಿಂದ ಹೇಳಬೇಕಿತ್ತು. ಚೆಂದದ ಮಾತೆಲ್ಲ ಖರ್ಚಾಗಿತ್ತು. “ಅಮ್ಮ, ಆ ಹುಳು ಮನೆ ನಾಟಕ ನಿಮ್ಮ ಮಗಳದ್ದು. ನಾನು ಅವಳಿಂದ ಕದ್ದೆ. ನಾನೇ ಉಲ್ಟಾ ಕಲಿತಿದ್ದೆ. ಅವಳು ನನ್ನನ್ನ ಕಾಪಿ ಹೊಡೆದಳು, ಅದೂ ತಪ್ಪಾಗಿ ಅಂತ ತೀರ್ಪುಗಾರರು ಅಂದಾಗ ಪಕ್ಕದಲ್ಲೇ ಕೂತು ಬಾಯಿ ಮುಚ್ಕೊಂಡಿದ್ದೆ,” ಅಂದೆ.

ಆಕೆ ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹಾಕಲಿಲ್ಲ, ಕೆಳಗೂ ಇಡಲಿಲ್ಲ.

“ಅವತ್ತು ಬಂದು ಅತ್ತಿದ್ದು ಅತ್ತಿದ್ದೇ ಮೇಡಂ ಅವ್ಳು,” ಅಂದಳು. “ಅಮ್ಮ, ನೀನು ಎಲ್ಲರ ಥರ ಬಲಗಿವೀಲೂ ಕೇಳ್ಸ್ಕೊಳ್ಳೋ ಹಂಗಿದ್ದಿದ್ರೆ ನಾನು ಗೆಲ್ತಿದ್ದೆ ಅಂದ್ಲು. ಮಗು, ಏನೋ ದುಃಖಕ್ಕೆ ಅಂದ್ಲು. ಆಮೇಲೆ ಅವ್ಳೇ ಮರ್ತಿರ್ತಾಳೆ. ನಾನು ಮರೀಲಿಲ್ಲ. ನನ್ ಕಿವಿಯಿಂದ ಮಗಿನ ಶಿಬಿರ ಹೋಯ್ತು ಅಂತ್ಲೇ ಇಷ್ಟ್ ವರ್ಷ ಅನ್ಕೊಂಡಿದ್ದೆ.”

ನನಗೆ ಆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅನುಷಾಳಿಂದ ಏನು ಕಸಿದುಕೊಂಡಿದ್ದೆ ಅನ್ನುವುದು ನನಗೆ ಗೊತ್ತಿತ್ತು. ಈ ತಾಯಿಯ ತಲೆ ಮೇಲೆ ಏನು ಹೊರಿಸಿ ಹೋಗಿದ್ದೆ ಅನ್ನುವುದು ಗೊತ್ತಿರಲಿಲ್ಲ. ಕೈ ಮುಗಿದೆ. ಆಕೆ ಅದನ್ನು ನೋಡಿದಳೋ ಇಲ್ಲವೋ, ಉಳಿದ ತಟ್ಟೆಗಳಿಗೆ ಸೊಪ್ಪು ಹಾಕಿ ಮುಗಿಸಿದಳು. ಹುಳುಗಳನ್ನು ಕಾಯಿಸುವಂತಿಲ್ಲವಲ್ಲ.

ಹೊರಗೆ ಬಂದು ಕೈ ತೊಳೆಯುತ್ತ, “ನನ್ಹತ್ರ ಹೇಳಿದ್ರಿ, ಸರಿ,” ಅಂದಳು. “ಐದೂವರೆ ಬಸ್ಸಿಗೆ ಬರ್ತಾಳೆ. ಅವ್ಳಿಗೆ ಹೇಳಿ.” ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ಚಾಪೆಯೊಂದನ್ನು ತಂದು ಜಗುಲಿಯ ಮೇಲೆ ಹಾಕಿ ಕಾಫಿಗಿಡಲು ಒಳಗೆ ಹೋದಳು.

ನಾನು ವಾಪಸು ಹೋಗಬೇಕಾದ ಕೊನೆಯ ಬಸ್ಸು ಐದಕ್ಕೆ, ಐದೂವರೆಯದು ರಾತ್ರಿ ಊರಲ್ಲೇ ತಂಗುವ ಬಸ್ಸು. ಅದು ಬಂತು. ಅರಳಿಕಟ್ಟೆಯ ಹತ್ತಿರ ನಿಂತು ಎರಡು ಸಲ ಹಾರನ್ ಹೊಡೆಯಿತು. ಕಾಲು ತಾನಾಗಿ ಎದ್ದು ನಿಲ್ಲಲು ನೋಡಿತು, ಅದರ ಅಭ್ಯಾಸ ಅದಕ್ಕೆ. ಬಸ್ಸು ಧೂಳೆಬ್ಬಿಸಿ ಹೋದ ಮೇಲೂ ನಾನು ಚಾಪೆಯ ಮೇಲೇ ಕೂತಿದ್ದೆ, ಅನುಷಾ ಬರುವ ದಾರಿ ನೋಡುತ್ತ.